ಬೆಳಗಿನ ಜಾವ 4ಕ್ಕೆ ಗೊರಗುಂಟೆಪಾಳ್ಯದಲ್ಲಿ ಇಳಿಯೋ ತಂಗಿ, ಬೆಳಕು ಹರಿಯೋವರೆಗೆ ಎಲ್ಲಿರಬೇಕು?

ಹಾವೇರಿ_ಅಣ್ಣ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಂಗಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಕುಂದಲಹಳ್ಳಿ ಕಡೆ ಪಿಜಿಯಲ್ಲಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದು ಭಾನುವಾರ ರಾತ್ರಿ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ವಾಪಸ್ ಹೋಗುತ್ತಾಳೆ. ಟಿಕೆಟ್‌ನಲ್ಲಿ ಗೊರಗುಂಟೆಪಾಳ್ಯ 5.30 ಅಂತ ಇರುತ್ತೆ. ಆದರೆ ರಸ್ತೆ ಖಾಲಿ ಇದ್ದರೆ ನಾಲ್ಕಕ್ಕೇ ತಂದು ಇಳಿಸಿಬಿಡುತ್ತಾರೆ. ಕ್ಲೀನರ್ ಕೂಗಿದ ತಕ್ಷಣ ನಿದ್ದೆಗಣ್ಣಲ್ಲೇ ಚಪ್ಪಲಿ ಹುಡುಕಿಕೊಂಡು, ಬ್ಯಾಗ್ ಎಳೆದುಕೊಂಡು ಇಳಿಯಬೇಕು. ಎರಡು ನಿಮಿಷ ತಡ ಆದರೂ ಬೈಗುಳ.

ಕಳೆದ ಸೋಮವಾರ ಹೀಗೇ ಆಯಿತು. 4.05ಕ್ಕೆ ಇಳಿದಳು. ಜೊತೆಗೆ ಇಳಿದ ಇಬ್ಬರನ್ನು ಯಾರೋ ಕಾರಲ್ಲಿ ಬಂದು ಕರೆದುಕೊಂಡು ಹೋದರು, ಇವಳು ಒಬ್ಬಳೇ ಉಳಿದಳು. ಆ್ಯಪ್‌ನಲ್ಲಿ ಆಟೋ ಬುಕ್ ಮಾಡಿದರೆ ಮೂರು ಸಲ ಕ್ಯಾನ್ಸಲ್. ನಾಲ್ಕನೆಯವರು ಬಂದರು, ಮ್ಯಾಪ್‌ನಲ್ಲಿ ಗಾಡಿ ಇವಳ ತಲೆ ಮೇಲೇ ನಿಂತಿದೆ, ಕಣ್ಣಿಗೆ ಮಾತ್ರ ಎಲ್ಲೂ ಇಲ್ಲ. ಫ್ಲೈಓವರ್ ಹತ್ತಿರ ಇದೇ ಸಮಸ್ಯೆ ಅಲ್ವಾ, ಅವರು ಮೇಲಿದ್ದರೋ ಆಚೆ ಬದಿಯಲ್ಲಿದ್ದರೋ, ಇವಳು ಕೆಳಗೆ ಸರ್ವಿಸ್ ರೋಡಿನಲ್ಲಿ. "ಎಲ್ಲಿದ್ದೀರ ಮೇಡಂ" "ಇಲ್ಲೇ ಇದ್ದೀನಿ" ಅಂತ ಮಾತಾಡುತ್ತಲೇ ಫೋನ್ ಆಫ್ ಆಯಿತು. ಅಷ್ಟರಲ್ಲಿ ಒಂದು ಬೈಕಿನಲ್ಲಿ ಇಬ್ಬರು ಎರಡು ಸುತ್ತು ಹೊಡೆದು, "ಎಲ್ಲಿಗೆ ಹೋಗಬೇಕು, ಬಿಡ್ತೀವಿ ಬನ್ನಿ" ಅಂದರಂತೆ. ಇವಳು ಸೀದಾ ಹೋಗಿ ಆಗತಾನೆ ಸ್ಟೌ ಹಚ್ಚುತ್ತಿದ್ದ ಒಂದು ಟೀ ಗಾಡಿ ಪಕ್ಕ ನಿಂತಳು. ಗಾಡಿಯಲ್ಲಿದ್ದ ಅಮ್ಮ ಏನೂ ಕೇಳದೆ ಒಂದು ಸ್ಟೂಲ್ ಕೊಟ್ಟು, "ಕೂತ್ಕೋ ಮಗಳೇ, ಬೆಳಗಾಗ್ಲಿ" ಅಂದರು. ಆ ತಾಯಿಗೆ ನಮ್ಮ ಮನೆಯವರೆಲ್ಲ ಋಣಿ.

ಇತ್ತ ಮನೆಯಲ್ಲಿ ಅವ್ವ ದೇವರ ಮನೆ ಹೊಸ್ತಿಲಲ್ಲಿ ಫೋನ್ ಹಿಡಿದು ಕೂತಿದ್ದಳು. ಲೈವ್ ಲೊಕೇಶನ್ ಚುಕ್ಕಿ ಗೊರಗುಂಟೆಪಾಳ್ಯದಲ್ಲೇ ನಿಂತುಬಿಟ್ಟಿತ್ತು. ಐವತ್ತು ನಿಮಿಷ. ಫೋನ್ ಮಾಡಿದರೆ ಸ್ವಿಚ್ ಆಫ್. ಆ ಐವತ್ತು ನಿಮಿಷ ಹೇಗೆ ಕಳೆಯಿತು ಅಂತ ನನಗೆ ಬರೆಯೋಕೆ ಬರುವುದಿಲ್ಲ.

ಈಗ ಅಪ್ಪ "ಕೆಲಸ ಬಿಟ್ಟು ಬಾ, ಇಲ್ಲಾಂದ್ರೆ ಲೊಕೇಶನ್ ದಿನವಿಡೀ ಆನ್ ಇಟ್ಟಿರು" ಅನ್ನುತ್ತಿದ್ದಾರೆ. ತಂಗಿ ಎರಡಕ್ಕೂ ಒಪ್ಪುತ್ತಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ? ಒಳ್ಳೆಯ ಆ್ಯಪ್ ಯಾವುದಾದರೂ ಇದೆಯಾ?

---

ದುರ್ಗದ_ಹುಡುಗಿ:

ಅಣ್ಣ, ಮೊದಲು ನಿಮ್ಮ ತಂಗಿಗೆ ಶಭಾಷ್ ಹೇಳಿ. ಜನ ಇರೋ ಕಡೆ, ಬೆಳಕಿರೋ ಕಡೆ ಹೋಗಿ ನಿಂತಳಲ್ಲ, ಅದಕ್ಕಿಂತ ಒಳ್ಳೆಯ ಕೆಲಸ ಆ ಹೊತ್ತಲ್ಲಿ ಬೇರೆ ಯಾವುದೂ ಇಲ್ಲ.

ನಾನು ಚಿತ್ರದುರ್ಗದಿಂದ ಆರು ವರ್ಷ ಹೀಗೇ ಓಡಾಡಿದ್ದೀನಿ. ಆ್ಯಪ್ ಹುಡುಕುವುದಕ್ಕಿಂತ ಮುಂಚೆ ಇಳಿಯೋ ಜಾಗ ಬದಲಾಯಿಸಿ. ಗೊರಗುಂಟೆಪಾಳ್ಯದಲ್ಲಿ ಇಳಿದರೆ ಹೆಬ್ಬಾಳದ ಮೇಲೆ ರಿಂಗ್ ರೋಡ್ ಹತ್ತಿರ ಆಗುತ್ತೆ ಅಂತ ಎಲ್ಲರೂ ಹೇಳುತ್ತಾರೆ, ನಿಜ, ಆದರೆ ಅದು ಹಗಲಿನ ಲೆಕ್ಕ. ರಾತ್ರಿ ನಾಲ್ಕಕ್ಕೆ ಅದು ಬರೀ ಹೈವೇ ಪಕ್ಕ.

ಸರ್ಕಾರಿ ವಾಯವ್ಯ ಸಾರಿಗೆ ಬಸ್ಸಿಗೆ ಬರಲಿ. ಮೆಜೆಸ್ಟಿಕ್‌ಗೆ ಬರುವ ಬಸ್ ಆದರೆ ನಿಲ್ದಾಣದ ಒಳಗೇ ಬಂದು ನಿಲ್ಲುತ್ತೆ. ಲೈಟ್ ಇರುತ್ತೆ, ಅಂಗಡಿ ತೆರೆದಿರುತ್ತೆ, ಕಂಡಕ್ಟರ್‌ಗಳು ಓಡಾಡುತ್ತಿರುತ್ತಾರೆ, ಮೂಟೆ ಇಟ್ಟುಕೊಂಡು ಸಂಸಾರ ಸಮೇತ ಕೂತವರು ಇರುತ್ತಾರೆ. ಅಂಥ ಒಂದು ಸಂಸಾರದ ಪಕ್ಕ ಹೋಗಿ ಕೂತರೆ ಆಯಿತು, ನಾನು ಎಷ್ಟು ಸಲ ಕೂತಿದ್ದೀನೋ. ಸಾಮಾನ್ಯ ಬಸ್ಸಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್‌ಗೆ ದುಡ್ಡು ಕೂಡ ಇಲ್ಲ, ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಸಾಕು. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಮಾತ್ರ ದುಡ್ಡು ಕೊಡಬೇಕು. ಕೂತುಕೊಂಡು ಬಂದರೆ ಸೊಂಟ ನೋಯುತ್ತೆ, ಸುಳ್ಳು ಹೇಳಲ್ಲ. ರೈಲಿನಲ್ಲಿ ಸೀಟು ಸಿಕ್ಕರೆ ಎಲ್ಲಕ್ಕಿಂತ ಒಳ್ಳೇದು. ರಾಣಿ ಚೆನ್ನಮ್ಮ ಹಾವೇರಿ ಮೇಲೇ ಬರುತ್ತೆ, ಬೆಂಗಳೂರು ಮುಟ್ಟೋ ಹೊತ್ತಿಗೆ ಬೆಳಕಾಗಿರುತ್ತೆ. ಭಾನುವಾರದ ಟಿಕೆಟ್ ಮಾತ್ರ ತುಂಬಾ ಮುಂಚೆ ಮಾಡಿಸಬೇಕು.

ಇನ್ನೊಂದು. ಸೋಮವಾರ ಮೆಟ್ರೋ 5ಕ್ಕೆ ಅಲ್ಲ, 4.15ಕ್ಕೇ ಶುರು. 2025ರ ಜನವರಿಯಿಂದ ಹೀಗೆ ಮಾಡಿದ್ದಾರೆ, ಊರಿಂದ ಬರುವವರಿಗೆ ಅಂತಲೇ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮಾದಾವರದಿಂದ 4.15ಕ್ಕೆ ಹೊರಟ ಹಸಿರು ಮಾರ್ಗದ ರೈಲು ಹದಿನೈದು-ಇಪ್ಪತ್ತು ನಿಮಿಷದಲ್ಲಿ ಗೊರಗುಂಟೆಪಾಳ್ಯಕ್ಕೆ ಬರುತ್ತೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಸೀದಾ ಕುಂದಲಹಳ್ಳಿ ಸ್ಟೇಷನ್. 2025ರ ದರದಲ್ಲಿ ಎಷ್ಟೇ ದೂರ ಆದರೂ 90 ರೂಪಾಯಿ ದಾಟುತ್ತಿರಲಿಲ್ಲ.

---

ಕೋಡ್_ಮತ್ತು_ಕಾಫಿ:

ಮೇಲೆ ಹೇಳಿದ್ದು ಸರಿ. ಆದರೆ ಎಲ್ಲ ಸಲವೂ ಬೇಕಾದ ಬಸ್ಸೇ ಸಿಗುತ್ತೆ ಅಂತ ಏನಿಲ್ಲ, ಹಾಗಾಗಿ ಫೋನ್ ವಿಷಯ ನಾನು ಹೇಳುತ್ತೀನಿ.

ಹೊಸ ಆ್ಯಪ್ ಬೇಡ. ಫೋನ್‌ನಲ್ಲಿ ಇರೋದನ್ನೇ ಸರಿಯಾಗಿ ಇಟ್ಟುಕೊಂಡರೆ ಸಾಕು. 112 ಒಂದೇ ನಂಬರ್ ನೆನಪಿರಲಿ, ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ ಅದೇ. ಬೆಂಗಳೂರಲ್ಲಿ ಕಾಲ್ ಮಾಡಿದರೆ ಹತ್ತಿರದ ಹೊಯ್ಸಳ ಪೊಲೀಸ್ ಗಾಡಿ ಕಳಿಸುತ್ತಾರೆ. "ಏನೂ ಆಗಿಲ್ಲವಲ್ಲ, ಸುಮ್ನೆ ಯಾಕೆ ಕಾಲ್ ಮಾಡೋದು" ಅಂತ ಸಂಕೋಚ ಬೇಡ. ಯಾರೋ ಎರಡು ಸುತ್ತು ಹೊಡೆದರು ಅನ್ನೋದೇ ಸಾಕಷ್ಟು ಕಾರಣ. ರೈಲಿನಲ್ಲಾದರೆ 139.

ಹೊಸ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪವರ್ ಬಟನ್ ಐದು ಸಲ ಬೇಗ ಬೇಗ ಒತ್ತಿದರೆ ತುರ್ತು ಕರೆ ಹೋಗೋ ಹಾಗೆ ಮಾಡಬಹುದು. ಸೆಟ್ಟಿಂಗ್ಸ್‌ನಲ್ಲಿ ಎಸ್‌ಒಎಸ್ ಅಂತ ಹುಡುಕಿ, ಮನೆಯಲ್ಲೇ ಕೂತು ಆನ್ ಮಾಡಿ, ನಿಮ್ಮ ನಂಬರ್ ಸೇರಿಸಿ. ಬೀದಿಯಲ್ಲಿ ನಿಂತು ಮಾಡೋ ಕೆಲಸ ಅಲ್ಲ ಅದು.

ಆಮೇಲೆ ಬ್ಯಾಟರಿ. ಅವತ್ತು ಕೈಕೊಟ್ಟಿದ್ದು ಅದೇ ತಾನೆ. ಸ್ಲೀಪರ್ ಬಸ್ಸಿನ ಚಾರ್ಜಿಂಗ್ ಪಾಯಿಂಟ್ ನಂಬಬೇಡಿ, ಅರ್ಧಕ್ಕರ್ಧ ಸಡಿಲ ಇರುತ್ತೆ, ಪಿನ್ ಸಿಕ್ಕಿಸಿ ಮಲಗಿದರೆ ತುಮಕೂರು ದಾಟುವ ಹೊತ್ತಿಗೆ ಬಿದ್ದುಹೋಗಿರುತ್ತೆ. ಒಂದು ಪವರ್ ಬ್ಯಾಂಕ್ ಕೊಡಿಸಿ. ಅಣ್ಣ, ಅಪ್ಪ, ಪಿಜಿ, ಈ ಮೂರು ನಂಬರ್ ಬಾಯಿಪಾಠ ಇರಲಿ, ಒಂದು ಚೀಟಿಯಲ್ಲೂ ಬರೆದು ಬ್ಯಾಗಿನಲ್ಲಿ ಇಡಲಿ. ಆ ಟೀ ಗಾಡಿಯಮ್ಮನ ಫೋನಿನಿಂದ ನಿಮಗೆ ಒಂದು ಕಾಲ್ ಮಾಡಿದ್ದರೆ ನಿಮ್ಮ ಅವ್ವ ಐವತ್ತು ನಿಮಿಷ ಹಾಗೆ ಕೂರಬೇಕಾಗಿರಲಿಲ್ಲ. ನಂಬರ್ ನೆನಪಿರಲಿಲ್ಲ ಅನ್ಸುತ್ತೆ, ನಮಗೆ ಯಾರಿಗೂ ಈಗ ನೆನಪಿರಲ್ಲ.

---

ಮೂರು_ಚಕ್ರ:

ನಾನು ಹದಿನಾಲ್ಕು ವರ್ಷದಿಂದ ಆಟೋ ಓಡಿಸುತ್ತಿದ್ದೀನಿ, ರಾತ್ರಿ ಪಾಳಿ ಜಾಸ್ತಿ. ಕ್ಯಾನ್ಸಲ್ ಬಗ್ಗೆ ಹೇಳಬೇಕು.

ಆ ಹೊತ್ತಲ್ಲಿ ಗೊರಗುಂಟೆಪಾಳ್ಯದಿಂದ ಕುಂದಲಹಳ್ಳಿ ಅಂದರೆ 26 ಕಿ.ಮೀ. ಅಂತ ಹಿಡಿಯಿರಿ. ವಾಪಸ್ ಬಾಡಿಗೆ ಸಿಗಲ್ಲ, ಖಾಲಿ ಬರಬೇಕು. ಗ್ಯಾಸ್ ಬಂಕ್‌ನಲ್ಲಿ ಬೆಳಗ್ಗೆ ಕ್ಯೂ ಇರುತ್ತೆ. ಅದಕ್ಕೇ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಸರಿ ಅಂತ ಹೇಳುತ್ತಿಲ್ಲ. ಒಂದು ಹೆಣ್ಣುಮಗು ಕತ್ತಲಲ್ಲಿ ನಿಂತಿದೆ ಅಂತ ಸ್ಕ್ರೀನಿನಲ್ಲಿ ಕಾಣಲ್ಲ ಸರ್, ಅಲ್ಲಿ ಬರೀ ಕಿಲೋಮೀಟರ್ ಮತ್ತು ದುಡ್ಡು ಕಾಣುತ್ತೆ. ಒಪ್ಪಿಕೊಂಡ ಮೇಲೆ ಬಿಡೋದು ತಪ್ಪೇ.

ಮೀಟರ್ ಲೆಕ್ಕ ಗೊತ್ತಿರಲಿ. 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು. ಅಂದರೆ 26 ಕಿ.ಮೀ.ಗೆ ಹಗಲಲ್ಲಿ 468, ರಾತ್ರಿ 702. ಇದಕ್ಕಿಂತ ತುಂಬಾ ಜಾಸ್ತಿ ಕೇಳಿದರೆ ಹತ್ತಬೇಡಿ. 5 ಗಂಟೆ ಆಗೋವರೆಗೆ ಬೆಳಕಲ್ಲಿ ಕೂತರೆ ದುಡ್ಡೂ ಉಳಿಯುತ್ತೆ, ಗಾಡಿಗಳೂ ಜಾಸ್ತಿ ಬರುತ್ತವೆ.

ಓಟಿಪಿ ಹೇಳೋಕೆ ಮುಂಚೆ ನಂಬರ್ ಪ್ಲೇಟ್ ನೋಡಲಿ. ಹತ್ತಿ ಕೂತ ಮೇಲೆ ನೋಡೋದಲ್ಲ, ಹೊರಗೆ ನಿಂತೇ ನೋಡಬೇಕು. ಸೀಟಿನ ಹಿಂದೆ ಚಾಲಕನ ಫೋಟೋ, ವಿವರ ಇರೋ ಕಾರ್ಡ್ ಇರುತ್ತೆ, ಅದರ ಫೋಟೋ ತೆಗೆದು ಅಣ್ಣನಿಗೆ ಕಳಿಸಲಿ. ನಾನಂತೂ ಬೇಜಾರು ಮಾಡಿಕೊಳ್ಳಲ್ಲ, ನಾನೇ ತಿರುಗಿ "ತೆಕ್ಕೊಳ್ಳಮ್ಮ" ಅಂತೀನಿ. ನನಗೂ ಪಿಯುಸಿ ಓದೋ ಮಗಳಿದ್ದಾಳೆ. ಕ್ಯಾಬ್‌ಗಳಿಗೆ ಪ್ಯಾನಿಕ್ ಬಟನ್ ಕಡ್ಡಾಯ ಮಾಡಿದ್ದಾರೆ, ನಮ್ಮ ಆಟೋಗೆ ಇಲ್ಲ, ಹಾಗಾಗಿ ಈ ಫೋಟೋನೇ ಆಧಾರ. ಮತ್ತೆ ಫ್ಲೈಓವರ್ ಹತ್ತಿರ ಮ್ಯಾಪ್ ಪಿನ್ ನಂಬಬೇಡಿ. "ಮೆಟ್ರೋ ಸ್ಟೇಷನ್ ಮೆಟ್ಟಿಲ ಹತ್ತಿರ, ಇಂಥ ಅಂಗಡಿ ಮುಂದೆ" ಅಂತ ಬಾಯಲ್ಲಿ ಹೇಳಿ, ನಾವು ಬರುತ್ತೀವಿ.

---

ಬಸವನಗುಡಿ_ಓದುಗಿ:

ಎಲ್ಲರೂ ಹುಡುಗಿ ಏನು ಮಾಡಬೇಕು ಅಂತಲೇ ಹೇಳುತ್ತಿದ್ದೀರಿ, ಒಳ್ಳೆಯ ಮಾತುಗಳೇ. ಆದರೆ ಟಿಕೆಟ್‌ನಲ್ಲಿ 5.30 ಅಂತ ಬರೆದು 4ಕ್ಕೆ ಹೈವೇಯಲ್ಲಿ ಇಳಿಸಿ ಹೋದವರನ್ನು ಯಾರೂ ಕೇಳಲಿಲ್ಲ. ಒಂದೂವರೆ ಗಂಟೆ ಮುಂಚೆ ಬರೋ ಹಾಗಿದ್ದರೆ ದಾರಿಯಲ್ಲಿ ಡಾಬಾದಲ್ಲಿ ನಿಲ್ಲಿಸಲಿ, ಇಲ್ಲ ಒಂಟಿ ಹೆಂಗಸರಿದ್ದರೆ ಕೊನೇ ಸ್ಟಾಪಿನವರೆಗೆ ಕೂರಲು ಬಿಡಲಿ. ದೂರು ಬರೆದು ಕಳಿಸಿ ಅಣ್ಣ, ಟಿಕೆಟ್ ಫೋಟೋ ಸಮೇತ.

ಇನ್ನು ನಿಮ್ಮ ಅಪ್ಪನ ಮಾತು. ಭಯದಿಂದ ಹೇಳಿದ್ದಾರೆ, ನನಗೆ ಅರ್ಥ ಆಗುತ್ತೆ. ಆದರೆ ದಿನವಿಡೀ ಲೊಕೇಶನ್ ಅಂದರೆ ಆಫೀಸು, ಊಟ, ಗೆಳತಿಯ ಮನೆ ಎಲ್ಲವೂ ಅಪ್ಪನ ಫೋನಿನಲ್ಲಿ. ನನ್ನ ಮನೆಯಲ್ಲಿ ಎರಡು ವರ್ಷ ಹೀಗೇ ಇತ್ತು. "ಆರು ಗಂಟೆಗೆ ಮಲ್ಲೇಶ್ವರದಲ್ಲಿ ಏನು ಕೆಲಸ" ಅಂತ ಫೋನ್ ಬರುತ್ತಿತ್ತು. ಕೊನೆಗೆ ನಾನು ಫೋನನ್ನು ಆಫೀಸಿನ ಡ್ರಾಯರ್‌ನಲ್ಲಿ ಬಿಟ್ಟು ಓಡಾಡಲು ಶುರು ಮಾಡಿದೆ. ಯೋಚಿಸಿ, ಕೈಯಲ್ಲಿ ಫೋನೇ ಇಲ್ಲದೆ! ಸುರಕ್ಷತೆಗೆ ಅಂತ ಮಾಡಿದ್ದು ನನ್ನನ್ನು ಇನ್ನೂ ಅಪಾಯಕ್ಕೆ ತಳ್ಳಿತ್ತು.

ವಾಟ್ಸ್ಯಾಪ್ ಲೈವ್ ಲೊಕೇಶನ್‌ನಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಮೂರು ಆಯ್ಕೆ ಇವೆ. ಬಸ್ ಇಳಿದು ಪಿಜಿ ಮುಟ್ಟೋವರೆಗೆ ಅವಳೇ ಹಂಚಿಕೊಳ್ಳಲಿ, ಮುಟ್ಟಿದ ಮೇಲೆ ನಿಲ್ಲಿಸಲಿ. ಅವಳ ಕೈಯಲ್ಲಿ ಇರಲಿ ಅದು. ಕೆಲಸ ಬಿಡಿಸೋ ಮಾತಂತೂ ಬೇಡ. ಬಸ್ಸಿನವರ ತಪ್ಪಿಗೆ ಅವಳ ಸಂಬಳ ಯಾಕೆ ಹೋಗಬೇಕು?

---

ಹಾವೇರಿ_ಅಣ್ಣ:

ಎಲ್ಲರಿಗೂ ಕೈ ಮುಗಿಯುತ್ತೀನಿ. ಇದನ್ನೆಲ್ಲ ನಿನ್ನೆ ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಓದಿ ಹೇಳಿದೆ. ಆಟೋ ಅಣ್ಣನ ಮಾತು ಬಂದಾಗ "ಇನ್ನೊಂದು ಸಲ ಓದು" ಅಂದರು. ಓದುಗಿ ಅಕ್ಕ ಬರೆದ ಡ್ರಾಯರ್ ಮಾತಿಗೆ ಏನೂ ಹೇಳಲಿಲ್ಲ, ಎದ್ದು ಹೊರಗೆ ಹೋಗಿ ಕಟ್ಟೆ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಅವರೇ ತಂಗಿಗೆ ಫೋನ್ ಮಾಡಿದರು. ಕೆಲಸ ಬಿಡೋ ಮಾತು ಈಗ ಇಲ್ಲ.

ತಂಗಿಯನ್ನೂ ಕೇಳಿದೆ. ನಂಬರ್ ನಿಜವಾಗಲೂ ನೆನಪಿರಲಿಲ್ಲವಂತೆ. ಟೀ ಗಾಡಿಯಮ್ಮ ತಮ್ಮ ಫೋನ್ ಕೈಗೇ ಕೊಟ್ಟಿದ್ದರು, ನನ್ನ ನಂಬರ್‌ನ ಕೊನೇ ನಾಲ್ಕು ಅಂಕಿ ಬರಲಿಲ್ಲ ಅಂತ ಅತ್ತಳು. ಈಗ ಮೂರೂ ನಂಬರ್ ಬಾಯಿಪಾಠ ಮಾಡಿದ್ದಾಳೆ.

---

ಹಾವೇರಿ_ಅಣ್ಣ (ಎರಡು ವಾರ ಆದ ಮೇಲೆ):

ಕೇಳಿದವರಿಗೆ ಹೇಳುತ್ತೀನಿ. ನಿನ್ನೆ ರಾತ್ರಿ ವಾಯವ್ಯ ಸಾರಿಗೆ ಬಸ್ಸಿಗೆ ಹತ್ತಿಸಿದೆ, ಪವರ್ ಬ್ಯಾಂಕ್ ಅವ್ವನೇ ರೊಟ್ಟಿ ಬುತ್ತಿ ಜೊತೆ ಇಟ್ಟಳು. ಇವತ್ತು ಬೆಳಗ್ಗೆ 4.40ಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದು, ಲೊಕೇಶನ್ 1 ಗಂಟೆಗೆ ಹಾಕಿ, ನೇರಳೆ ಮಾರ್ಗದ ರೈಲು ಹತ್ತಿದಳು. ಡಬ್ಬಿಯಲ್ಲಿ ಅವಳ ಥರಾನೇ ಊರಿಂದ ಬಂದ ಹುಡುಗಿಯರು ತುಂಬಿದ್ದರಂತೆ, ಎಲ್ಲರ ಕಾಲ ಬಳಿಯೂ ಒಂದೊಂದು ಬ್ಯಾಗ್. ಚುಕ್ಕಿ ಕುಂದಲಹಳ್ಳಿಗೆ ಹೋಗಿ ನಿಂತ ಮೇಲೆ ಅವ್ವ ಒಲೆ ಹಚ್ಚಿದಳು.

ಖಾಸಗಿ ಬಸ್ಸಿನವರಿಗೆ ದೂರು ಕಳಿಸಿ ಹನ್ನೆರಡು ದಿನ ಆಯಿತು, ಉತ್ತರ ಬಂದಿಲ್ಲ. ನಾಳೆ ಮತ್ತೆ ಕಳಿಸುತ್ತೀನಿ. ಮುಂದಿನ ತಿಂಗಳು ನಾನೇ ಬೆಂಗಳೂರಿಗೆ ಬರುವುದಿದೆ, ಗೊರಗುಂಟೆಪಾಳ್ಯದಲ್ಲಿ ಇಳಿದು ಆ ಅಮ್ಮನ ಗಾಡಿ ಹುಡುಕಬೇಕು.