ಲೆದರ್ ಸೋಫಾದಲ್ಲಿ ತಲೆ ಒರಗಿಸುವ ಜಾಗ ಕಪ್ಪಾಗಿ ಅಂಟುತ್ತಿದೆ, ಏನು ಮಾಡಲಿ?

ಕೋಟೆನಾಡು (ಚಿತ್ರದುರ್ಗ):

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮೂರು ಜನ ಕೂರುವ ಕಂದು ಬಣ್ಣದ ಲೆದರ್ ಸೋಫಾ ಇದೆ. ತಂದು 6 ವರ್ಷ ಆಯ್ತು. ಅಜ್ಜ ದಿನಾ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಒಂದೇ ಮೂಲೆಯಲ್ಲಿ ಕೂತು ಪೇಪರ್ ಓದುತ್ತಾರೆ. ಅವರು ತಲೆ ಒರಗಿಸುವ ಜಾಗ ಕಪ್ಪಾಗಿದೆ, ಮುಟ್ಟಿದರೆ ಅಂಟಂಟು. ಕಿಟಕಿ ಕಡೆ ಕೈ ಇಡುವ ಭಾಗದಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿದೆ.

ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಬಿರುಕಿಗೆ ಅಂತ ಕೊಬ್ಬರಿ ಎಣ್ಣೆ ಸವರಿದೆ. ಎರಡು ದಿನ ಹೊಳೆಯಿತು, ಆಮೇಲೆ ನಮ್ಮೂರ ಗಾಳಿಯ ಧೂಳೆಲ್ಲ ಅಲ್ಲೇ ಕೂತಿತು. ಕಪ್ಪು ಜಾಗಕ್ಕೆ ಸ್ಯಾನಿಟೈಸರ್ ಹಾಕಿ ಒರೆಸಿದೆ. ಬಟ್ಟೆಗೆ ಕಂದು ಬಣ್ಣವೇ ಬಂತು, ಹೆದರಿ ನಿಲ್ಲಿಸಿದೆ.

ಅಜ್ಜ ತಮ್ಮ ಪೆನ್ಶನ್ ದುಡ್ಡಲ್ಲಿ ತಂದ ಸೋಫಾ ಇದು. 'ನನ್ನಿಂದಲೇ ಹಾಳಾಯ್ತು' ಅಂತ ಈಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದಾರೆ. ನೋಡೋಕಾಗುತ್ತಿಲ್ಲ. ದಾರಿ ಹೇಳಿ.

ಕುಶನ್ ಕೆಲಸ (ದಾವಣಗೆರೆ):

ನಿಲ್ಲಿಸಿದ್ದು ಒಳ್ಳೆಯದಾಯ್ತು. ಸ್ಯಾನಿಟೈಸರ್‌ನಲ್ಲಿರುವ ಸ್ಪಿರಿಟ್ ಮೇಲಿನ ಬಣ್ಣದ ಪದರವನ್ನೇ ಕರಗಿಸುತ್ತದೆ. ಸದ್ಯಕ್ಕೆ ಏನೂ ಹಚ್ಚಬೇಡಿ. ಮೊದಲು ಎರಡು ವಿಷಯ ನೋಡಿ ಹೇಳಿ.

ಸೀಟಿನ ಕೆಳಗೆ, ಪಿನ್ ಹೊಡೆದಿರುವ ಅಂಚನ್ನು ಸ್ವಲ್ಪ ತಿರುಗಿಸಿ ನೋಡಿ. ಹಿಂಬದಿಯಲ್ಲಿ ನೇಯ್ದ ಬಟ್ಟೆ ಕಂಡರೆ ಅದು ರೆಕ್ಸಿನ್. ನಾರು ನಾರಾಗಿ, ಸ್ವೇಡ್ ಚಪ್ಪಲಿಯ ಹಾಗೆ ಇದ್ದರೆ ಚರ್ಮ. ಸೀಟು, ಬೆನ್ನು, ಪಕ್ಕ ಎಲ್ಲವನ್ನೂ ಬೇರೆ ಬೇರೆಯಾಗಿ ನೋಡಿ. 'ಪ್ಯೂರ್ ಲೆದರ್' ಅಂತ ಮಾರುವ ಎಷ್ಟೋ ಸೋಫಾಗಳಲ್ಲಿ ಮೈ ತಾಗುವ ಕಡೆ ಮಾತ್ರ ಚರ್ಮ ಇರುತ್ತದೆ.

ಆಮೇಲೆ ಒಂದು ಹನಿ ನೀರು. ಚೆನ್ನಾಗಿರುವ ಜಾಗದಲ್ಲಿ ಒಂದು, ಕಪ್ಪಾದ ಜಾಗದಲ್ಲಿ ಒಂದು. ಹೀರುತ್ತದಾ, ಮೇಲೇ ನಿಲ್ಲುತ್ತದಾ?

ಕೋಟೆನಾಡು:

ನೋಡಿದೆ ಅಣ್ಣ. ಸೀಟು, ಬೆನ್ನು, ಕೈ ಇಡುವ ಭಾಗ ಚರ್ಮ. ಹಿಂಭಾಗ ಮತ್ತು ಹೊರಪಕ್ಕ ರೆಕ್ಸಿನ್. ಅಂಗಡಿಯಲ್ಲಿ ಹೀಗೆ ಹೇಳಿರಲಿಲ್ಲ. ಸೀಟಿನ ಮೇಲೆ ಹನಿ 10 ನಿಮಿಷ ಹಾಗೇ ನಿಂತಿತ್ತು. ಕಪ್ಪು ಜಾಗದಲ್ಲಿ ಮಾತ್ರ ಇಳಿದು ಇನ್ನೂ ಕಪ್ಪಾಯಿತು.

ಕುಶನ್ ಕೆಲಸ:

ಹಾಗಾದರೆ ಚರ್ಮದ ಮೇಲೆ ಬಣ್ಣದ ಪದರ ಕೊಟ್ಟ ಮಾಲು. ಇದು ಗಟ್ಟಿ, ಮನೆಗೆ ಒಳ್ಳೆಯದು. ಆದರೆ ತಲೆಯ ಎಣ್ಣೆ, ಬೆವರು ದಿನಾ ತಾಗಿದರೆ ಈ ಪದರ ಮೆತ್ತಗಾಗುತ್ತದೆ. ಅಂಟು ಅನ್ನಿಸುವುದು ಅದಕ್ಕೇ. ಅಲ್ಲಿ ಪದರ ಸವೆದು ಎಣ್ಣೆ ಚರ್ಮದೊಳಗೆ ಇಳಿದಿದೆ.

ಮೊದಲು ಎಣ್ಣೆ ಎಳೆಯಬೇಕು. ಕಾರ್ನ್‌ಫ್ಲೋರ್ ಅಥವಾ ಮುಖದ ಪೌಡರ್ ಸಾಕು. ಒರಗುವ ಜಾಗ ನೆಟ್ಟಗಿರುತ್ತದೆ, ಪೌಡರ್ ಉದುರಿ ಹೋಗುತ್ತದೆ. ಅದಕ್ಕೆ ಇಬ್ಬರು ಸೇರಿ ಸೋಫಾವನ್ನು ಬೆನ್ನ ಮೇಲೆ ಮಲಗಿಸಿ. ದಪ್ಪಗೆ ಹಾಕಿ ರಾತ್ರಿಯೆಲ್ಲ ಬಿಡಿ. ತಿಕ್ಕಬೇಡಿ. ಬೆಳಿಗ್ಗೆ ಮೆತ್ತನೆ ಬ್ರಷ್‌ನಲ್ಲಿ ತೆಗೆದು ಮತ್ತೆ ಹಾಕಿ. ಮೂರ್ನಾಲ್ಕು ರಾತ್ರಿ ಆದರೂ ಬೇಕು. ಹಳೇ ಎಣ್ಣೆ ಪೂರ್ತಿ ಬರುವುದಿಲ್ಲ, ಬಂದಷ್ಟು ಲಾಭ.

ಆಮೇಲೆ ತೊಳೆಯುವುದು. ಮಕ್ಕಳ ಶಾಂಪೂ ನಾಲ್ಕು ಹನಿ, ಒಂದು ಲೋಟ ಆರ್‌ಒ ನೀರು. ಬೋರ್ ನೀರು ಬೇಡ, ಒಣಗಿದ ಮೇಲೆ ಬಿಳಿ ಕಲೆ ಕೂರುತ್ತದೆ. ಚೆನ್ನಾಗಿ ನೊರೆ ಬರಿಸಿ, ಬರೀ ನೊರೆಯನ್ನು ಸ್ಪಾಂಜಿನಲ್ಲಿ ತೆಗೆದುಕೊಂಡು ಒರೆಸಿ. ಹೊಲಿಗೆಯಿಂದ ಹೊಲಿಗೆಯವರೆಗೆ ಪೂರ್ತಿ ಒರೆಸಬೇಕು. ಕಲೆಯ ಜಾಗ ಮಾತ್ರ ಒರೆಸಿದರೆ ಸುತ್ತ ಗೆರೆ ನಿಲ್ಲುತ್ತದೆ. ಹಿಂಡಿದ ಬಟ್ಟೆಯಲ್ಲಿ ಶಾಂಪೂ ಪೂರ್ತಿ ತೆಗೆದು ಫ್ಯಾನ್ ಗಾಳಿಗೆ ಆರಲು ಬಿಡಿ. ಬಿಸಿಲಿಗೆ ಖಂಡಿತ ಇಡಬೇಡಿ.

ಬಟ್ಟೆ ಸೋಪು, ಸೋಡಾ ಯಾಕೆ ಬೇಡ ಅಂತ ಕೇಳುತ್ತೀರಿ. ಚರ್ಮದ ಪಿಎಚ್ ಸುಮಾರು 4ರಿಂದ 5, ಸ್ವಲ್ಪ ಹುಳಿ ಕಡೆ. ಸೋಪಿನದು 9-10. ಕ್ಷಾರ ಬಿದ್ದಷ್ಟೂ ಚರ್ಮ ಬಿರುಸಾಗುತ್ತದೆ. ಹಾಗಂತ ನಿಂಬೆಹಣ್ಣು ಉಜ್ಜುವುದೂ ತಪ್ಪು. ಶೂ ಪಾಲಿಶ್ ಹಾಕಿದರೆ ಕೂತವರ ಪಂಚೆಗೆ ಬಣ್ಣ ಹತ್ತುತ್ತದೆ.

ಬಿರುಕು ಬಿಸಿಲಿನಿಂದ ಆದದ್ದು. ಯಾವ ಕಂಡೀಷನರ್ (ಚರ್ಮ ಒಣಗದಂತೆ ಹಚ್ಚುವ ಕ್ರೀಮ್) ಹಚ್ಚಿದರೂ ಬಿಟ್ಟ ಬಿರುಕು ಕೂಡುವುದಿಲ್ಲ, ಹೊಸದು ಬೀಳದಂತೆ ತಡೆಯಬಹುದು. ಲೆದರ್ ಕಂಡೀಷನರನ್ನೇ ತನ್ನಿ. ವರ್ಷಕ್ಕೆ ಎರಡು ಸಲ, ತೆಳ್ಳಗೆ, ಚರ್ಮದ ಭಾಗಕ್ಕೆ ಮಾತ್ರ. ರೆಕ್ಸಿನ್ ಅದನ್ನು ಹೀರುವುದೇ ಇಲ್ಲ, ಒದ್ದೆ ಬಟ್ಟೆ ಸಾಕು.

ಬೆಣ್ಣೆನಗರಿ (ದಾವಣಗೆರೆ):

ಪೌಡರ್ ವಿಷಯ ನೂರಕ್ಕೆ ನೂರು ನಿಜ. ನಮ್ಮಲ್ಲಿ ಬೆಣ್ಣೆ ದೋಸೆ ಪಾರ್ಸೆಲ್ ಸೋಫಾ ಮೇಲೇ ಬಿಚ್ಚಿಕೊಂಡಿತು. ಒಣ ಬಟ್ಟೆಯಲ್ಲಿ ಒತ್ತಿ ತೆಗೆದು ತಕ್ಷಣ ಕಾರ್ನ್‌ಫ್ಲೋರ್ ಸುರಿದೆವು. ಬೆಳಿಗ್ಗೆ ಕಲೆಯೇ ಇರಲಿಲ್ಲ. ಕಾದು ಕೂತಿದ್ದರೆ ಇಳಿದುಬಿಡುತ್ತಿತ್ತು ಅಲ್ವಾ.

ಕೋಟೆನಾಡು (ಎರಡು ವಾರದ ನಂತರ):

ಐದು ರಾತ್ರಿ ಪೌಡರ್ ಹಾಕಿದೆ. ಮೊದಲೆರಡು ದಿನ ಹಳದಿ ಉಂಡೆಯ ಹಾಗೆ ಬಂತು, ಐದನೇ ದಿನ ಬೆಳ್ಳಗೇ ಇತ್ತು. ಆಮೇಲೆ ನೊರೆ ಹಾಕಿ ಒರೆಸಿದೆ. ಅಂಟು ಪೂರ್ತಿ ಹೋಗಿದೆ. ಕಪ್ಪು ಅರ್ಧಕ್ಕಿಂತ ಜಾಸ್ತಿ ಇಳಿದಿದೆ, ಆದರೆ ಅಲ್ಲಿ ಬಣ್ಣ ಬೋಳಾಗಿ ಕಾಣುತ್ತಿದೆ. ಸೋಫಾವನ್ನು ಕಿಟಕಿಯಿಂದ ಮೂರು ಅಡಿ ಸರಿಸಿದ್ದೇವೆ. ಈಗ ಬಣ್ಣ ಹೊಡೆಸಬಹುದಾ?

ಕುಶನ್ ಕೆಲಸ:

ತಡೆಯಿರಿ. ಒಳಗೆ ಎಣ್ಣೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ, ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಈ ಬೇಸಿಗೆ ಕಳೆಯಲಿ. ಸೆಕೆಗೆ ಒಳಗಿನ ಎಣ್ಣೆ ಮತ್ತೆ ಮೇಲೆ ಬಂದು ಕಪ್ಪಾದರೆ ಇನ್ನೊಂದು ಸುತ್ತು ಪೌಡರ್. ಬರದಿದ್ದರೆ ಲೆದರ್ ಬಣ್ಣದ ಕೆಲಸ ಗೊತ್ತಿರುವವರ ಹತ್ತಿರ ಅದೊಂದು ಭಾಗ ಮಾತ್ರ ಮಾಡಿಸಿ, ಇಡೀ ಸೋಫಾ ಬೇಡ. ಒರಗುವ ಜಾಗಕ್ಕೆ ತೆಳು ಬಣ್ಣದ ಹತ್ತಿ ಟವೆಲ್ ಹಾಕಿ ವಾರಕ್ಕೊಮ್ಮೆ ಒಗೆಯಿರಿ. ಗಾಢ ಬಣ್ಣದ್ದು ಬೇಡ, ಬೆವರಿಗೆ ಬಣ್ಣ ಬಿಡುತ್ತದೆ.

ಕೋಟೆನಾಡು:

ಟವೆಲ್ ಅಜ್ಜನೇ ತಂದು ಹಾಸಿಕೊಂಡಿದ್ದಾರೆ ಅಣ್ಣ, ಬಿಳಿಯದು. ಇವತ್ತು ಅಲ್ಲೇ ಕೂತು ಪೇಪರ್ ಓದಿದರು. ಮಳೆ ಶುರುವಾದ ಮೇಲೆ ಫೋಟೋ ಹಾಕುತ್ತೇನೆ.