ಪದಚರ್ಚೆ: ‘ಎತ್ತರದ ಕಾಯಿಲೆ’ ಸರಿಯಾ? (ಇವತ್ತೇ ಬೇಕು)

ಗೆಳೆಯರೇ,
ಎತ್ತರದ ಪರ್ವತ ಹತ್ತುವವರಿಗಾಗಿ ಒಂದು ಸುರಕ್ಷತಾ ಕೈಪಿಡಿ ಅನುವಾದಿಸುತ್ತಿದ್ದೇನೆ. ರಾತ್ರಿಯೊಳಗೆ ಅಚ್ಚಿಗೆ ಹೋಗಬೇಕು. ಸುಮಾರು 2500 ಮೀಟರ್ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ ಶುರುವಾಗುತ್ತದಲ್ಲ, ಆ ಮೌಂಟನ್ ಸಿಕ್‌ನೆಸ್‌ಗೆ ‘ಎತ್ತರದ ಕಾಯಿಲೆ’ ಎಂದು ಬರೆದಿದ್ದೇನೆ. ಮೈ ಎತ್ತರಕ್ಕೆ ಹೊಂದಿಕೊಳ್ಳುವುದಕ್ಕೆ, ಅಂದರೆ ಅಕ್ಲಿಮಟೈಸ್ ಆಗುವುದಕ್ಕೆ, ‘ಹವಾಮಾನ ಹೊಂದಾಣಿಕೆ’. ಇಳಿಜಾರಿನಿಂದ ಹಿಮದ ರಾಶಿ ಕಿತ್ತು ಬರುವ ಅವಲಾಂಚ್‌ಗೆ ‘ಹಿಮಪಾತ’. ನಡೆಯುತ್ತಾ?
– ಎಸ್.

‘ಎತ್ತರದ ಕಾಯಿಲೆ’ ಅಂದರೆ ಎತ್ತರ ಕಂಡರೆ ಹೆದರುವುದು ಎಂದುಕೊಳ್ಳುತ್ತಾರೆ. ‘ಏರುಬೇನೆ’ ಎನ್ನಿ. ಅಚ್ಚಗನ್ನಡ, ನಾಲ್ಕೇ ಅಕ್ಷರ. ಅವಲಾಂಚ್‌ಗೆ ‘ಮಂಜುಕುಸಿತ’. ‘ಹಿಮ’ ಸಂಸ್ಕೃತ, ನಮಗೇಕೆ?
– ಕೆ.

> ಅಚ್ಚಗನ್ನಡ

‘ಬೇನೆ’ಯೇ ‘ವೇದನೆ’ಯ ತದ್ಭವ. ನಿಘಂಟು ತೆಗೆದು ನೋಡಿ. ‘ಮಂಜುಕುಸಿತ’ ಇನ್ನೂ ಕೆಟ್ಟದ್ದು. ಮಂಜು ಅಂದರೆ ಓದುವವರಿಗೆ ಬೆಳಿಗ್ಗೆ ಕವಿಯುವ ಮಂಜು. ಅದು ಕುಸಿದರೆ ಯಾರಿಗೇನು?

ಎಸ್. ಅವರೇ, ನಿಮ್ಮ ‘ಹಿಮಪಾತ’ವೂ ಬೇಡ. ಪತ್ರಿಕೆಗಳಲ್ಲಿ ಮೋಡದಿಂದ ಹಿಮ ಉದುರಿದರೂ ಹಿಮಪಾತ, ಇಳಿಜಾರಿನ ರಾಶಿ ಕಿತ್ತು ಬಂದರೂ ಹಿಮಪಾತ. ಜೋರಾಗಿ ಹಿಮ ಬಿದ್ದ ಮೇಲಿನ ಒಂದೆರಡು ದಿನವೇ ಇಳಿಜಾರು ಕಿತ್ತು ಬರುವ ಭಯ ಜಾಸ್ತಿ. ಇದನ್ನು ‘ಹಿಮಪಾತದ ನಂತರ ಹಿಮಪಾತವಾಗಬಹುದು’ ಎಂದು ಬರೆಯುತ್ತೀರಾ? 2014ರ ಏಪ್ರಿಲ್‌ನಲ್ಲಿ ಎವರೆಸ್ಟ್‌ನ ಖುಂಬು ಹಿಮನದಿಯಲ್ಲಿ 16 ಮಂದಿ ನೇಪಾಳಿಗಳು ಸತ್ತದ್ದು ಮೇಲಿನಿಂದ ಮುರಿದು ಬಿದ್ದ ಹಿಮಗಡ್ಡೆಗೆ ಸಿಕ್ಕಿ. ಅದನ್ನೂ ಸೇರಿಸಿ ಎಲ್ಲಕ್ಕೂ ‘ಹಿಮಕುಸಿತ’ ಎನ್ನಿ. ಭೂಕುಸಿತ ಗೊತ್ತಿರುವವರಿಗೆ ಇದೂ ಗೊತ್ತಾಗುತ್ತದೆ.
– ಆರ್.

ವ್ಯುತ್ಪತ್ತಿ ಪ್ರಕಾರ ‘ಪಾತ’ ಅಂದರೆ ಬೀಳುವುದು. ಜಲಪಾತದಲ್ಲಿ ಬೀಳುವುದು ಮಳೆಯೇ? ಹಿಮಪಾತವೇ ಸರಿ. ತಪ್ಪು ಪತ್ರಿಕೆಗಳದ್ದು.
– ಜಿ.

ವ್ಯುತ್ಪತ್ತಿ ಓದಿಕೊಂಡು ಯಾರೂ ಪರ್ವತ ಹತ್ತುವುದಿಲ್ಲ.
– ಆರ್.

ನಾನು ಹತ್ತುವವನು, ಭಾಷೆಯ ಪಂಡಿತನಲ್ಲ. ‘ಹವಾಮಾನ ಹೊಂದಾಣಿಕೆ’ ತೆಗೆದುಬಿಡಿ. ಅದನ್ನು ಓದಿ ಜನ ಇನ್ನೊಂದು ಸ್ವೆಟರ್ ಹಾಕಿಕೊಳ್ಳುತ್ತಾರೆ ಅಷ್ಟೆ. ಮೈ ಒಗ್ಗಬೇಕಾದ್ದು ಗಾಳಿಯ ಕಡಿಮೆ ಒತ್ತಡಕ್ಕೆ. ನೀರು ಒಗ್ಗಲಿಲ್ಲ ಅನ್ನುತ್ತೇವಲ್ವಾ, ಹಾಗೇ ‘ಎತ್ತರ ಒಗ್ಗುವುದು’. ಕಾಯಿಲೆಗೂ ‘ಎತ್ತರ ಒಗ್ಗದ ಕಾಯಿಲೆ’ ಎಂದರೆ ಸಾಕು, ಹೆದರಿಕೆಯ ಅರ್ಥ ಬರುವುದಿಲ್ಲ.

ಇನ್ನೊಂದು ಮಾತು. 3000 ಮೀಟರ್ ದಾಟಿದ ಮೇಲೆ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಎಂಬ ನಿಯಮ ನಿಮ್ಮ ಕೈಪಿಡಿಯಲ್ಲೂ ಇದ್ದೇ ಇರುತ್ತದೆ. ಅದು ರಾತ್ರಿ ಮಲಗುವ ಜಾಗದ ಎತ್ತರ. ಹಗಲು ಇನ್ನೂ ಮೇಲೆ ಹೋಗಿ ಇಳಿದು ಬರಬಹುದು. ‘ಮಲಗುವ ಎತ್ತರ’ ಎಂದೇ ಬರೆಯಿರಿ, ‘ಆರೋಹಣ’ ಅಂತ ಸುತ್ತಬೇಡಿ. ಕುಡಿದವರ ಹಾಗೆ ತೂರಾಡುವುದು, ಸುಮ್ನೆ ಕೂತಾಗಲೂ ಏದುಸಿರು, ಈ ಎರಡರಲ್ಲಿ ಒಂದು ಕಂಡರೂ ‘ವಿಶ್ರಾಂತಿ ಪಡೆಯಿರಿ’ ಎಂದು ಬರೆಯಲೇಬೇಡಿ. ‘ತಕ್ಷಣ ಕೆಳಗಿಳಿಸಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ. ಮಿದುಳಲ್ಲೋ ಶ್ವಾಸಕೋಶದಲ್ಲೋ ನೀರು ತುಂಬುತ್ತಿರಬಹುದು. ಬೆಳಗಾಗಲಿ ಎಂದು ಕಾಯುವಂತಿಲ್ಲ.
– ಡಿ.

ಉಪಕಾರವಾಯಿತು ಡಿ. ಸರ್. ‘ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ’ ಎಂಬ ವಾಕ್ಯ ಇದೆ. ಅದು ಸರಿಯಾ?
– ಎಸ್.

ಇಲ್ಲ. ಪಾಲು ಅಲ್ಲೂ ಸುಮಾರು ಶೇ. 21. ಒತ್ತಡ ಇಳಿಯುತ್ತದೆ, 5500 ಮೀಟರ್ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ. ಒಂದೊಂದು ಉಸಿರಿಗೂ ಸಿಗುವುದು ಅಷ್ಟೇ.
– ಡಿ.

‘ಆಮ್ಲಜನಕ’ ಯಾಕೆ? ‘ಉಸಿರುಗಾಳಿ’ ಎನ್ನಿ.
– ಕೆ.

ಉಸಿರಾಡುವುದು ಬರೀ ಆಕ್ಸಿಜನ್ನಾ? ಆದರೆ ‘ಆಮ್ಲಜನಕ’ವೂ ಒಂದು ತಪ್ಪಿನ ಅನುವಾದ. ಎಲ್ಲ ಆಮ್ಲಕ್ಕೂ ಅದೇ ಮೂಲ ಎಂದು ಆಕ್ಸಿಜನ್‌ಗೆ ಹೆಸರಿಟ್ಟ ಫ್ರೆಂಚ್ ವಿಜ್ಞಾನಿ ಲವಾಸಿಯೇ ತಿಳಿದಿದ್ದ, ಅದನ್ನೇ ನಾವು ಸಂಸ್ಕೃತಕ್ಕೆ ಇಳಿಸಿಕೊಂಡೆವು. ಎರವಲು ತರುವುದಾದರೆ ನೇರ ತನ್ನಿ.
– ಆರ್.

ಕಳಿಸಿಬಿಟ್ಟೆ. ಹಿಮಕುಸಿತ, ಎತ್ತರ ಒಗ್ಗದ ಕಾಯಿಲೆ, ಮಲಗುವ ಎತ್ತರ. ಆಕ್ಸಿಜನ್ ಹಾಗೇ ಇದೆ, ಸಿಲಿಂಡರ್ ಕೂಡ.
– ಎಸ್.

ಸಿಲಿಂಡರ್‌ಗೆ ‘ಉರುಳೆ’ ಇದೆ. ವಿವರ ನಾಳೆ ಬರೆಯುತ್ತೇನೆ.
– ಕೆ.

ಬೇಡ.
– ಆರ್.