ಮಗಳಿಗೆ ಹೇಶಮ್‌ನಲ್ಲಿ ಕೆಲಸ, ಆದರೆ ಆ ಸ್ಥಾವರ ಮುಚ್ಚುತ್ತದಂತೆ. ಕಳಿಸಬಹುದಾ?

ಪ್ರಶ್ನೆ, ವಿರಾಜಪೇಟೆಯಿಂದ:
ಗುಂಪಿನಲ್ಲಿರುವ ಕೈಗಾ ಎಂಜಿನಿಯರ್ ಸರ್‌ಗೆ ಒಂದು ಪ್ರಶ್ನೆ. ನನ್ನ ಮಗಳು ಮೆಕ್ಯಾನಿಕಲ್ ಓದಿ, ಇಂಗ್ಲೆಂಡಿನಲ್ಲಿ ಎಂಎಸ್ಸಿ ಮುಗಿಸಿದ್ದಾಳೆ. ಅಲ್ಲಿನ ಹೇಶಮ್ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಸಿಗುವ ಹಾಗಿದೆ. ಕಂಪನಿ ಇಡಿಎಫ್. ಆದರೆ ಸ್ಥಾವರಕ್ಕೆ ವಯಸ್ಸಾಗಿದೆ, ಇನ್ನು ಕೆಲವೇ ವರ್ಷದಲ್ಲಿ ಮುಚ್ಚುತ್ತಾರೆ ಅಂತ ಅವಳೇ ಹೇಳುತ್ತಾಳೆ. ಅದೇ ಕಂಪನಿ ಬೇರೆ ಕಡೆ ಹೊಸದನ್ನು ಕಟ್ಟುತ್ತಿದೆಯಂತೆ. ಹಳೆಯದನ್ನೇ ರಿಪೇರಿ ಮಾಡಿಕೊಂಡರೆ ಆಗಲ್ವಾ? ಮುಚ್ಚುವ ಅಂಗಡಿಗೆ ಯಾರಾದರೂ ಕೆಲಸಕ್ಕೆ ಸೇರುತ್ತಾರಾ?

ಉತ್ತರ:
ಹೇಶಮ್ ಹೆಸರು ಓದಿ ನಗು ಬಂತು. ನಿಲ್ಲದೆ ಅತಿ ಹೆಚ್ಚು ದಿನ ಓಡಿದ ದಾಖಲೆ ಮೊದಲು ಹೇಶಮ್ 2ರ ಒಂದು ರಿಯಾಕ್ಟರಿನದಾಗಿತ್ತು, 940 ದಿನ. 2018ರಲ್ಲಿ ನಮ್ಮ ಕೈಗಾದ ಮೊದಲ ಘಟಕ ಅದನ್ನು ದಾಟಿತು. ಡಿಸೆಂಬರ್ 31ಕ್ಕೆ ನಿಲ್ಲಿಸುವಾಗ 962 ದಿನ ಆಗಿತ್ತು. ಆಮೇಲೆ ಕೆನಡಾದವರು ನಮ್ಮನ್ನೂ ದಾಟಿದರು, ಆ ಮಾತು ಬಿಡಿ. ಹೇಶಮ್ ಅಂದರೆ ಸುಮ್ನೆ ತುಕ್ಕು ಹಿಡಿದ ಕಾರ್ಖಾನೆ ಅಂದುಕೊಳ್ಳಬೇಡಿ ಅಂತ ಇಷ್ಟು ಹೇಳಿದೆ.

ಈಗ ರಿಪೇರಿಯ ವಿಷಯ. ಕಾಫಿ ತೋಟದಲ್ಲಿ ಹಳೇ ರೊಬಸ್ಟಾ ಗಿಡ ಸೊರಗಿದರೆ ಬುಡ ಬಿಟ್ಟು ಮೇಲಿನದನ್ನು ಕತ್ತರಿಸುತ್ತೇವೆ, ಹೊಸ ಚಿಗುರು ಬರುತ್ತದೆ. ಅರೇಬಿಕಾದ ಕಾಂಡದೊಳಗೆ ಬೋರರ್ ಹುಳು ಹೊಕ್ಕರೆ ಕಪಾತು ಮಾಡಿ ಏನೂ ಪ್ರಯೋಜನವಿಲ್ಲ, ಕಿತ್ತು ಸುಡಬೇಕು. ರಿಯಾಕ್ಟರುಗಳಲ್ಲೂ ಈ ಎರಡು ಜಾತಿ ಇವೆ.

ಕೈಗಾದ್ದು ಮೊದಲನೇ ಜಾತಿ. 220 ಮೆಗಾವಾಟ್‌ನ ಒಂದು ಘಟಕದಲ್ಲಿ 306 ಕೊಳವೆಗಳಿರುತ್ತವೆ. ಇಂಧನ ಅವುಗಳೊಳಗೆ, ಇಂಧನದ ಸುತ್ತ ಶಾಖ ಹೊತ್ತೊಯ್ಯುವ ಬಿಸಿ ಭಾರಜಲ. ವರ್ಷಗಟ್ಟಲೆ ಬಿಸಿ, ಒತ್ತಡ, ವಿಕಿರಣ ತಿಂದು ಕೊಳವೆ ಉದ್ದವಾಗುತ್ತದೆ, ನಡುವೆ ಜೋತು ಬೀಳುತ್ತದೆ. ಜೋತು ಬಿದ್ದು ತನ್ನನ್ನು ಸುತ್ತುವರಿದ ಹೊರಗಿನ ತಣ್ಣನೆಯ ಕೊಳವೆಗೆ ತಾಗಿದರೆ ತಾಗಿದ ಜಾಗದಲ್ಲಿ ಲೋಹ ಪೆಡಸಾಗಿ ಬಿರುಕು ಬಿಡಬಹುದು. ಆದರೆ ಅಷ್ಟೂ ಕೊಳವೆಗಳನ್ನು ಹೊರತೆಗೆದು ಹೊಸದು ಹಾಕಬಹುದು. ಕಲ್ಪಾಕ್ಕಂ, ನರೋರಾ, ಕಾಕ್ರಪಾರದಲ್ಲಿ ಹಾಗೆ ಮಾಡಿದ್ದಾರೆ. ಸುಲಭದ ಕೆಲಸ ಅಲ್ಲ, ಘಟಕ ವರ್ಷಗಳ ಕಾಲ ನಿಂತಿರುತ್ತದೆ. ಆದರೂ ಚಿಗುರುತ್ತದೆ.

ಹೇಶಮ್‌ನದು ಎರಡನೇ ಜಾತಿ. ಅಲ್ಲಿ ನೀರಿನ ಬದಲು ಕಾರ್ಬನ್ ಡೈಆಕ್ಸೈಡ್ ಅನಿಲ ಶಾಖವನ್ನು ಹೊತ್ತೊಯ್ಯುತ್ತದೆ. ಒಡಲಲ್ಲಿ ಸಾವಿರಾರು ಗ್ರಾಫೈಟ್ ಇಟ್ಟಿಗೆಗಳು, ಒಂದಕ್ಕೊಂದು ಕಚ್ಚಿಕೊಂಡು ನಿಂತಿವೆ. ವಿಕಿರಣ ಮತ್ತು ಆ ಅನಿಲ ಸೇರಿ ಗ್ರಾಫೈಟನ್ನು ಸವೆಸುತ್ತವೆ. ಇಟ್ಟಿಗೆ ಹಗುರವಾಗುತ್ತದೆ, ವಯಸ್ಸಾದ ಮೇಲೆ ಬಿರುಕು ಬಿಡುತ್ತದೆ. ಬದಲಾಯಿಸೋಣ ಅಂದರೆ ಆಗುವುದಿಲ್ಲ, ಇಡೀ ರಿಯಾಕ್ಟರೇ ಅದರ ಸುತ್ತ ಕಟ್ಟಿದ್ದು. ಒಂದೆರಡು ಬಿರುಕಿಗೆ ಯಾರೂ ಹೆದರುವುದಿಲ್ಲ. ಭೂಕಂಪವಾಗಿ ಇಟ್ಟಿಗೆ ಸಾಲು ಅಲುಗಾಡಿದರೂ ರಿಯಾಕ್ಟರನ್ನು ನಿಲ್ಲಿಸುವ ನಿಯಂತ್ರಣ ಸರಳುಗಳು ತಡೆಯಿಲ್ಲದೆ ಒಳಗೆ ಇಳಿಯಬೇಕು, ಪ್ರಶ್ನೆ ಅದೊಂದೇ. ಸ್ಕಾಟ್ಲೆಂಡಿನ ಹಂಟರ್‌ಸ್ಟನ್ ಬಿ ಯಲ್ಲಿ ಲೆಕ್ಕಕ್ಕಿಂತ ಜಾಸ್ತಿ ಬಿರುಕು ಕಂಡಿತು. 2018ರ ಮಾರ್ಚ್‌ನಲ್ಲಿ ನಿಲ್ಲಿಸಿದ ರಿಯಾಕ್ಟರಿಗೆ ಮತ್ತೆ ಓಡಲು ಅನುಮತಿ ಸಿಕ್ಕಿದ್ದು 2020ರ ಆಗಸ್ಟ್‌ನಲ್ಲಿ. 2022ರ ಜನವರಿಗೆ ಆ ಸ್ಥಾವರವೇ ಮುಚ್ಚಿತು.

ಇಡಿಎಫ್ 2009ರಲ್ಲಿ ಬ್ರಿಟಿಷ್ ಎನರ್ಜಿಯನ್ನು ಕೊಂಡಾಗ ಇಂಥ 14 ರಿಯಾಕ್ಟರುಗಳು ಕೈಗೆ ಬಂದವು. 6 ಮುಚ್ಚಿವೆ, 8 ಉಳಿದಿವೆ. ಗ್ರಾಫೈಟ್ ತಪಾಸಣೆ ನೋಡಿ ನೋಡಿ ಆಯುಸ್ಸನ್ನು ಸ್ವಲ್ಪ ಸ್ವಲ್ಪವೇ ಮುಂದೂಡುತ್ತಾರೆ. ಹೇಶಮ್ 1 ಮತ್ತು ಹಾರ್ಟಲ್‌ಪೂಲ್‌ಗೆ ಈಗ 2028ರ ಮಾರ್ಚ್, ಹೇಶಮ್ 2 ಮತ್ತು ಟಾರ್ನೆಸ್‌ಗೆ 2030ರ ಮಾರ್ಚ್ ಎಂದು ಹೇಳಿದ್ದಾರೆ. ಹೇಶಮ್‌ನಲ್ಲಿ ಅಕ್ಕಪಕ್ಕ ಎರಡು ಸ್ಥಾವರ ಇವೆ. ಮಗಳಿಗೆ ಯಾವುದರಲ್ಲಿ ಕೆಲಸ ಅಂತ ಮೊದಲು ಕೇಳಿ.

ಅಂಗಡಿ ಹೋಲಿಕೆ ಮಾತ್ರ ಇಲ್ಲಿ ಕೂಡಿಬರಲ್ಲ. ಅಂಗಡಿಯಾದರೆ ಬಾಗಿಲು ಎಳೆದು ಬೀಗ ಹಾಕಿದರೆ ಮುಗಿಯಿತು. ಇಲ್ಲಿ ನಿಲ್ಲಿಸಿದ ಮೇಲೆ ಇಂಧನ ತೆಗೆಯುವುದಕ್ಕೇ ಮೂರ್ನಾಲ್ಕು ವರ್ಷ ಬೇಕು. ಬಿಚ್ಚುವ ಕೆಲಸ ಇನ್ನೂ ದಶಕಗಟ್ಟಲೆ.

ನಾಪೋಕ್ಲುವಿನಿಂದ:
ಸರ್, ಹೊಸದು ಅಂದರೆ ಹಿಂಕ್ಲಿ ಪಾಯಿಂಟ್ ಸಿ ಅಲ್ವಾ? ಅದು ಮುಗಿಯುವುದೇ ಇಲ್ಲ ಅಂತ ಕೇಳಿದ್ದೆ.

ಉತ್ತರ:
ಅದೇ. 2007ರಲ್ಲಿ ಇಡಿಎಫ್‌ನ ಬ್ರಿಟನ್ ಮುಖ್ಯಸ್ಥ ವಿನ್ಸೆಂಟ್ ದ ರಿವಾಜ್, 2017ರ ಕ್ರಿಸ್‌ಮಸ್‌ಗೆ ಹೊಸ ಅಣು ವಿದ್ಯುತ್ತಿನಲ್ಲೇ ಟರ್ಕಿ ಕೋಳಿ ಬೇಯಿಸುತ್ತೀರಿ ಎಂದಿದ್ದರು. ಈ ಹುತ್ತರಿಗೆ ಹೊಸ ಗದ್ದೆಯ ಕದಿರು ತರ್ತೇನೆ ಅಂದವನು ಇನ್ನೂ ನಾಟಿಯನ್ನೇ ಮಾಡದ ಹಾಗೆ, ಅಂತಿಮ ಒಪ್ಪಂದವೇ ಆದದ್ದು 2016ರಲ್ಲಿ. ಆಗ 18 ಬಿಲಿಯನ್ ಪೌಂಡ್ ಎಂದಿದ್ದ ಖರ್ಚನ್ನು 2024ರ ಆರಂಭದಲ್ಲಿ 31ರಿಂದ 35 ಬಿಲಿಯನ್ ಎಂದರು, ಅದೂ 2015ರ ಬೆಲೆಯಲ್ಲೇ. ಬ್ರಿಟನ್ನಿನ ನಿಯಮಕ್ಕೆ ಹೊಂದಿಸಲು ವಿನ್ಯಾಸದಲ್ಲಿ 7,000 ಬದಲಾವಣೆ ಮಾಡಬೇಕಾಯಿತು ಎನ್ನುತ್ತದೆ ಕಂಪನಿ. ನನಗೆ ಅನ್ನಿಸುವ ಇನ್ನೊಂದು ಕಾರಣ, ಸೈಜ್‌ವೆಲ್ ಬಿ 1995ರಲ್ಲಿ ಶುರುವಾದ ಮೇಲೆ ಆ ದೇಶ ಹೊಸ ರಿಯಾಕ್ಟರನ್ನೇ ಮುಗಿಸಿರಲಿಲ್ಲ. ಕಟ್ಟುವ ಕೈಗಳು ನಿವೃತ್ತಿಯಾಗಿ ಮನೆಗೆ ಹೋಗಿದ್ದವು. ನಾವು ಜಂಬ ಕೊಚ್ಚಿಕೊಳ್ಳುವುದೂ ಬೇಡ. ಕಟ್ಟುತ್ತಿದ್ದಾಗಲೇ, 1994ರ ಮೇನಲ್ಲಿ, ಕೈಗಾದ ಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದಿತ್ತು.

ಪೊನ್ನಂಪೇಟೆಯಿಂದ:
ಹೆಚ್ಚಾದ ಖರ್ಚನ್ನು ಯಾರು ಕೊಡ್ತಾರೆ? ಕೊನೆಗೆ ಬಿಲ್ಲು ನಮ್ಮಂಥವರಿಗೇ ತಾನೇ?

ಉತ್ತರ:
ಹಿಂಕ್ಲಿಯಲ್ಲಿ ಕಂಪನಿಯ ತಲೆಗೆ. ಯೂನಿಟ್‌ಗೆ 9.25 ಪೆನ್ಸ್ ಅಂತ 2012ರ ಬೆಲೆಯಲ್ಲಿ 35 ವರ್ಷಕ್ಕೆ ಒಪ್ಪಂದ ಆಗಿದೆ, ಹಣದುಬ್ಬರಕ್ಕೆ ತಕ್ಕಂತೆ ಏರುತ್ತದೆ, ಅದರಾಚೆ ಕೇಳುವ ಹಾಗಿಲ್ಲ. ಅದರಲ್ಲಿ ಕೈ ಸುಟ್ಟುಕೊಂಡ ಮೇಲೆ ಮುಂದಿನ ಸೈಜ್‌ವೆಲ್ ಸಿ ಗೆ ಬೇರೆ ಲೆಕ್ಕ. ಕಟ್ಟುವಾಗಲೇ ಜನರ ಕರೆಂಟ್ ಬಿಲ್ಲಿನಲ್ಲಿ ಸ್ವಲ್ಪ ಸೇರುತ್ತದೆ.

ಗೋಣಿಕೊಪ್ಪದಿಂದ:
ಅಣು ಕರೆಂಟಿನ ಮಾತು ಬಂದರೆ ನನಗೆ ನೆನಪಾಗುವುದು ಟವರ್ ಲೈನಿಗೆ ಹೋದ ಮರಗಳು. ಮಳೆಗಾಲದಲ್ಲಿ ಮೂರು ದಿನ ಕತ್ತಲೆಯಲ್ಲಿ ಕೂರುವವರೂ ನಾವೇ.

ಉತ್ತರ:
ಮೈಸೂರು–ಕೋಯಿಕ್ಕೋಡ್ 400 ಕೆವಿ ಲೈನ್ ತಾನೇ? ಅದಕ್ಕೆ ನನ್ನ ಬಳಿ ಸಮಾಧಾನ ಇಲ್ಲ. ತಲೆ ಮೇಲೆ ಹೋಗುವ ಲೈನಿಗೂ ನಿಮ್ಮ ಮನೆಯ ಬಲ್ಬಿಗೂ ನೇರ ಸಂಬಂಧ ಇಲ್ಲ. ಮನೆಗೆ ಬರುವುದು 11 ಕೆವಿಯ ಸಣ್ಣ ತಂತಿ, ಅದರ ಮೇಲೆ ಸಿಲ್ವರ್ ಓಕ್ ಕೊಂಬೆ ಬಿದ್ದರೆ ಯಾವ ರಿಯಾಕ್ಟರೂ ಏನೂ ಮಾಡಲಾಗದು.

ವಿರಾಜಪೇಟೆಯಿಂದ:
ಸರ್, ಸಂದರ್ಶನದಲ್ಲಿ ಮಗಳು ಏನು ಕೇಳಬೇಕು, ಅದೊಂದು ಹೇಳಿ.

ಉತ್ತರ:
ಎರಡೇ. ಯಾವ ತಂಡಕ್ಕೆ ಸೇರಿಸುತ್ತೀರಿ? ಗ್ರಾಫೈಟ್ ತಪಾಸಣೆಯಾಗಲಿ, ಇಂಧನ ತುಂಬಿ ತೆಗೆಯುವ ಯಂತ್ರವಾಗಲಿ, ಸಿಕ್ಕರೆ ಕಣ್ಣು ಮುಚ್ಚಿ ಒಪ್ಪಲಿ. ಮುಚ್ಚಿದ ಮೇಲೂ ಮೊದಲು ಬೇಕಾಗುವ ಕೈ ಅದು. ಎರಡನೆಯದು, ಆಮೇಲೆ ಹಿಂಕ್ಲಿಗೋ ಸೈಜ್‌ವೆಲ್‌ಗೋ ವರ್ಗವಾಗುವ ದಾರಿ ಇದೆಯಾ? ಇದರ ಉತ್ತರ ಬರವಣಿಗೆಯಲ್ಲೇ ತೆಗೆದುಕೊಳ್ಳಲಿ. ವೀಸಾಕ್ಕೆ ಪ್ರಾಯೋಜಕರು ಯಾರು ಅನ್ನುವುದನ್ನು ನೀವು ಹೇಗೂ ಕೇಳಿಯೇ ಇರುತ್ತೀರಿ.

ವಿರಾಜಪೇಟೆಯಿಂದ:
ವೀಸಾ ಕೇಳಿಯೇ ಇರಲಿಲ್ಲ ಸರ್! ಇವತ್ತು ರಾತ್ರಿಯೇ ಫೋನ್ ಮಾಡ್ತೇನೆ.